ದೋಣಿಯಡಿಯ ಒಗ್ಗರಣೆ

ಅಜ್ಜಿಮನೆ ಇದ್ದದ್ದು ಗಂಗೊಳ್ಳಿಯ ಹತ್ತಿರ, ಹೊಳೆ ದಂಡೆಯಲ್ಲೇ. ಸೌಪರ್ಣಿಕಾ, ವಾರಾಹಿ, ಚಕ್ರಾ ಸೇರಿದಂತೆ ಐದು ಹೊಳೆಗಳು ಒಂದಾಗಿ ಸಮುದ್ರ ಸೇರುವ ಜಾಗ ಅದು. ಪಂಚಗಂಗಾವಳಿ ಅನ್ನುತ್ತಾರೆ. ಬೇಸಿಗೆ ರಜೆ ಶುರುವಾದರೆ ನಾನು ಅಲ್ಲೇ. ಸೋದರಮಾವನ ಹತ್ತಿರ ಒಂದು ಮರದ ದೋಣಿ ಇತ್ತು. ಸಂಜೆ ಅವರು ಬಲೆ ಬಿಡಲು ಹೊರಟರೆ ಯಾರು ಬೇಡ ಅಂದರೂ ನಾನು ಹತ್ತಿ ಕೂತಿರುತ್ತಿದ್ದೆ.

ಆಗ ನನಗೆ ಎಂಟೋ ಒಂಬತ್ತೋ ವರ್ಷ. ಬಲೆ ಬಿಟ್ಟಾಗಿತ್ತು. ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಪಕ್ಕ, ಕಲ್ಲು ಜಾಸ್ತಿ ಇರುವ ಕಡೆ ದೋಣಿ ನಿಲ್ಲಿಸಿ ಮಾವ ಬೀಡಿ ಹಚ್ಚಿದ್ದರು. ನನಗೆ ನಿದ್ದೆ ಎಳೆಯುತ್ತಿತ್ತು. ದೋಣಿಯೊಳಗೆ ಹಲಗೆಯ ಮೇಲೆ ಮಲಗಿದೆ. ಕಿವಿ ಹಲಗೆಗೆ ತಾಗಿದ್ದೇ ತಡ, ಎದ್ದು ಕೂತೆ. ಕೆಳಗೆ ಏನೋ ಸಿಡಿಯುತ್ತಿತ್ತು. ಕಾದ ಎಣ್ಣೆಗೆ ಅಜ್ಜಿ ಸಾಸಿವೆ ಹಾಕಿದಾಗ ಬರುತ್ತದಲ್ಲ, ಚಟ್, ಚಟಚಟ, ಚಟ್ ಚಟ್, ಅದೇ ಸದ್ದು. ಒಗ್ಗರಣೆಯಾದರೆ ಸ್ವಲ್ಪ ಹೊತ್ತಿಗೆ ನಿಲ್ಲುತ್ತದೆ. ಇದು ನಿಲ್ಲಲೇ ಇಲ್ಲ. ದೋಣಿ ಒಡೆಯುತ್ತಿದೆ ಅಂತ ಹೆದರಿ ಮಾವನ ಅಂಗಿ ಹಿಡಿದು ಜಗ್ಗಿದೆ.

ಮಾವ ನಗಲಿಲ್ಲ. “ಕಲ್ಲ್ ಮಾತಾಡತ್ತ್ ಹೆಣೆ. ಸುಮ್ನೆ ಮನಿಕಂಡ್ ಕೇಣ್” ಅಂದರು. ಮತ್ತೆ ಮಲಗಿದೆ. ಅವರ ಬೀಡಿ ಮುಗಿದು ಇನ್ನೊಂದು ಹಚ್ಚುವವರೆಗೂ ಕೇಳಿದೆ.

ಕಲ್ಲು ಮಾತಾಡುತ್ತದೆ ಅನ್ನುವುದನ್ನು ನಾನು ತುಂಬಾ ವರ್ಷ ಹಾಗೇ ಇಟ್ಟುಕೊಂಡಿದ್ದೆ. ಶಾಲೆಯಲ್ಲಿ ಯಾರಿಗೂ ಹೇಳಲಿಲ್ಲ. ಬೆಂಗಳೂರಿಗೆ ಬಂದೆ, ಓದಿದೆ, ಕೆಲಸ ಸಿಕ್ಕಿತು, ಮರೆತೂ ಹೋಯಿತು. ಆಮೇಲೆ ಒಂದು ಡಿಸೆಂಬರಿನಲ್ಲಿ ಗೆಳತಿಯರ ಜೊತೆ ಮುರುಡೇಶ್ವರಕ್ಕೆ ಹೋಗಿ, ಅಲ್ಲಿಂದ ನೇತ್ರಾಣಿ ದ್ವೀಪದ ಹತ್ತಿರ ಸ್ಕೂಬಾ ಡೈವಿಂಗ್ ಮಾಡಿದೆ. ಮೊದಲ ಸಲ ನೀರೊಳಗೆ ಇಳಿದವರಿಗೆ ತಮ್ಮ ಉಸಿರಿನ ಸದ್ದೇ ದೊಡ್ಡದು. ನನಗೂ ಹಾಗೇ. ಆದರೆ ಒಂದು ಉಸಿರಿಗೂ ಇನ್ನೊಂದಕ್ಕೂ ನಡುವಿನ ಚೂರು ಮೌನದಲ್ಲಿ ಅದು ಕೇಳಿಸಿತು. ಚಟ್, ಚಟಚಟ, ಚಟ್. ನಾಲ್ಕೂ ಕಡೆಯಿಂದ, ತಲೆಯೊಳಗಿನಿಂದಲೇ ಬಂದ ಹಾಗೆ. ನೀರಿನಲ್ಲಿ ಸದ್ದು ಗಾಳಿಗಿಂತ ನಾಲ್ಕು ಪಟ್ಟಿಗೂ ಹೆಚ್ಚು ವೇಗವಾಗಿ ಹೋಗುವುದರಿಂದ ಯಾವ ಕಡೆಯಿಂದ ಬಂತು ಅಂತ ನಮ್ಮ ಕಿವಿಗೆ ಗೊತ್ತಾಗುವುದಿಲ್ಲ. ಮೇಲೆ ಬಂದು ಮುಖವಾಡ ತೆಗೆದವಳೇ ಕೇಳಿದ್ದು, ಏನು ಆ ಸದ್ದು ಅಂತ. ಡೈವಿಂಗ್ ಹೇಳಿಕೊಡುವ ಹುಡುಗ ಟವೆಲ್ಲಿನಲ್ಲಿ ತಲೆ ಒರೆಸಿಕೊಳ್ಳುತ್ತಾ “ಅದಾ? ಸೀಗಡಿ” ಅಂದ.

ಸೀಗಡಿ! ನಮ್ಮ ಕುಂದಾಪುರದ ಕಡೆ ಚಟ್ಲಿ ಅನ್ನುತ್ತೇವೆ. ತುಳುವಿನಲ್ಲಿ ಎಟ್ಟಿ, ಕಾರವಾರದ ಕೊಂಕಣಿಯಲ್ಲಿ ಸುಂಗಟ. ಎಷ್ಟು ಸಲ ಸಾರು ಮಾಡಿ ಉಂಡಿದ್ದೇವೆ, ಒಣಗಿಸಿ ಚಟ್ನಿ ಅರೆದಿದ್ದೇವೆ. ಅದರ ದೂರದ ನೆಂಟನೊಂದು ಕಲ್ಲಿನಡಿ ಕೂತು ಇಷ್ಟು ಸದ್ದು ಮಾಡುತ್ತದೆ ಅಂತ ನನಗೆ ಗೊತ್ತೇ ಇರಲಿಲ್ಲ.

ಇಂಗ್ಲಿಷಿನಲ್ಲಿ ಇದಕ್ಕೆ ಸ್ನ್ಯಾಪಿಂಗ್ ಶ್ರಿಂಪ್ ಅಂತಲೂ ಪಿಸ್ತೂಲ್ ಶ್ರಿಂಪ್ ಅಂತಲೂ ಹೆಸರು. ಬಂದೂಕಿನ ಹೆಸರು ನನಗೆ ಹಿಡಿಸುವುದಿಲ್ಲ. ನಾನು ಚಿಟಿಕೆ ಸೀಗಡಿ ಅನ್ನುತ್ತೇನೆ. ಅದು ಮಾಡುವುದು ಚಿಟಿಕೆ ಹೊಡೆದ ಹಾಗೇ ಇದೆ. ವಿಜ್ಞಾನಿಗಳು ಇವನ್ನು ಆಲ್ಫೀಯಿಡೇ ಅನ್ನುವ ಕುಟುಂಬಕ್ಕೆ ಸೇರಿಸಿದ್ದಾರೆ. ನೂರಾರು ಜಾತಿಗಳಿವೆ. ಒಂದರ ಹೆಸರು ಆಲ್ಫಿಯಸ್ ಮಲಬಾರಿಕಸ್. ನಮ್ಮ ಪಶ್ಚಿಮ ಕರಾವಳಿಯ ಹೆಸರನ್ನೇ ಹೊತ್ತುಕೊಂಡಿದೆ.

ಎರಡು ವರ್ಷದ ಹಿಂದೆ ಊರಿಗೆ ಹೋದಾಗ ಒಂದನ್ನು ಕೈಯಾರೆ ಹಿಡಿದು ನೋಡಿದೆ. ದೊಡ್ಡ ಇಳಿತದ ದಿನ. ಮಾವನೂ ನಾನೂ ಮೊಣಕಾಲು ಮುಳುಗುವ ಕೆಸರಿನಲ್ಲಿ ನಡೆದು, ಸಿಂಪಿ ಹತ್ತಿಕೊಂಡಿದ್ದ ಒಂದು ಕಲ್ಲು ಎತ್ತಿದೆವು. ಅಡಿಯಲ್ಲಿ ಚೂರು ನೀರು ನಿಂತಿತ್ತು. ಅದರಲ್ಲಿ ಇದು. ನನ್ನ ಕಿರುಬೆರಳಿಗಿಂತ ಗಿಡ್ಡ. ಹಸಿರು ಬೆರೆತ ಕಂದು ಬಣ್ಣ, ಕಾಲುಗಳಲ್ಲಿ ಸಣ್ಣ ಪಟ್ಟೆ. ಮುಂದಿನ ಎರಡು ಇಕ್ಕಳಗಳಲ್ಲಿ ಒಂದು ಮಾಮೂಲು. ಇನ್ನೊಂದು ಮೈಯ ಅರ್ಧದಷ್ಟು ದಪ್ಪ, ಊದಿಕೊಂಡ ಹಾಗೆ. ಸ್ಟೀಲ್ ಲೋಟಕ್ಕೆ ಉಪ್ಪುನೀರು ತುಂಬಿ ಅದರೊಳಗೆ ಬಿಟ್ಟೆವು. ಹಿಡಿಸೂಡಿಯ ಕಡ್ಡಿಯಿಂದ ಮೆಲ್ಲಗೆ ಮುಟ್ಟಿದೆ. ಆ ದೊಡ್ಡ ಇಕ್ಕಳ ಬಾಯಿ ತೆರೆದು ಹಾಗೇ ನಿಂತಿತು. ಒಂದು ಕ್ಷಣ ಏನೂ ಇಲ್ಲ. ಆಮೇಲೆ ಟಣ್! ಲೋಟ ಹಿಡಿದಿದ್ದ ನನ್ನ ಬೆರಳುಗಳಿಗೇ ಆ ಪೆಟ್ಟು ಗೊತ್ತಾಯಿತು. ಇಕ್ಕಳ ಮುಚ್ಚಿದ್ದು ಮಾತ್ರ ನನ್ನ ಕಣ್ಣಿಗೆ ಕಾಣಲೇ ಇಲ್ಲ. ತೆರೆದಿತ್ತು, ಮುಚ್ಚಿತ್ತು, ಅಷ್ಟೇ.

ವಾಪಸ್ ಬಿಟ್ಟೆವು. ಕಲ್ಲನ್ನು ಮೊದಲು ಹೇಗಿತ್ತೋ ಅದೇ ಮಗ್ಗುಲಿಗೆ ಇಡಬೇಕು ಅಂತ ಮಾವ ಹಟ ಮಾಡಿದರು. ಅಡಿಭಾಗ ಮೇಲೆ ಮಾಡಿ ಇಟ್ಟರೆ ಅಲ್ಲಿರುವ ಜೀವಗಳೆಲ್ಲ ಬಿಸಿಲಿಗೆ ಸಾಯುತ್ತವೆ.

ಆ ಇಕ್ಕಳದ ಒಳಗೆ ಏನಿದೆ ಅಂತ ಹೇಳಿದರೆ ನಮ್ಮ ಮನೆಯ ಹೆಂಗಸರಿಗೆ ಕೂಡಲೇ ಅರ್ಥವಾಗುತ್ತದೆ. ಒಂದು ಒನಕೆ, ಒಂದು ಒರಳು. ಮೇಲಿನ ಬೆರಳಿನಲ್ಲಿ ಒನಕೆಯ ಹಾಗೆ ಮುಂದಕ್ಕೆ ಬಂದ ಗುಬುಟು. ಕೆಳಗಿನದರಲ್ಲಿ ಅದು ಸರಿಯಾಗಿ ಕೂರುವಂಥ ಗುಳಿ. ಸೀಗಡಿ ಮೊದಲು ಒನಕೆ ಎತ್ತಿ ಹಿಡಿದು ಸ್ನಾಯುವನ್ನು ಬಿಗಿ ಮಾಡುತ್ತದೆ. ಬಿಗಿ ಪೂರ್ತಿ ಆದಮೇಲೆ ಒಮ್ಮೆಲೇ ಬಿಡುತ್ತದೆ. ಒನಕೆ ಒರಳಿಗೆ ಬೀಳಲು ಒಂದು ಸೆಕೆಂಡಿನ ಸಾವಿರದ ಒಂದು ಭಾಗವೂ ಬೇಕಿಲ್ಲ. ಒರಳಲ್ಲಿದ್ದ ನೀರು ಎಲ್ಲಿಗೆ ಹೋಗಬೇಕು? ಮುಂದಿನ ಸಂದಿನಿಂದ ಪಿಚಕಾರಿಯ ಹಾಗೆ ಚಿಮ್ಮುತ್ತದೆ. ಸೆಕೆಂಡಿಗೆ ಸುಮಾರು 25 ಮೀಟರ್ ವೇಗ. ಅಂದರೆ ಗಂಟೆಗೆ 90 ಕಿಲೋಮೀಟರ್. ನಮ್ಮ ಹೆದ್ದಾರಿಯ ಬಸ್ಸಿನ ವೇಗ, ಕಿರುಬೆರಳಷ್ಟಿಲ್ಲದ ಪ್ರಾಣಿಯಿಂದ.

ಸದ್ದು ಎಲ್ಲಿಂದ ಬಂತು? ಎರಡು ಬೆರಳು ಒಂದಕ್ಕೊಂದು ಬಡಿದದ್ದರಿಂದ, ಅಲ್ವಾ? ಎಲ್ಲರೂ ಬಹುಕಾಲ ಹಾಗೇ ಅಂದುಕೊಂಡಿದ್ದರು. ಹಾಗಲ್ಲ ಅಂತ ಗೊತ್ತಾದದ್ದು 2000ನೇ ಇಸವಿಯಲ್ಲಿ. ನೆದರ್ಲೆಂಡ್ಸಿನ ಮಿಷೆಲ್ ವರ್ಸ್ಲೂಯಿಸ್ ಮತ್ತು ಡೆಟ್ಲೆಫ್ ಲೋಸೆ, ಜರ್ಮನಿಯ ಬಾರ್ಬರಾ ಶ್ಮಿಟ್ಸ್ ಇವರೆಲ್ಲ ಸೇರಿ ಸೆಕೆಂಡಿಗೆ 40,500 ಚಿತ್ರ ತೆಗೆಯುವ ಕ್ಯಾಮೆರಾ ಇಟ್ಟರು, ಜೊತೆಗೆ ನೀರೊಳಗಿನ ಮೈಕ್. ನೋಡಿದರೆ ಬೆರಳು ಮುಚ್ಚುವ ಹೊತ್ತಿಗೆ ಸದ್ದೇ ಇಲ್ಲ. ಚಿಮ್ಮಿದ ನೀರಿನ ವೇಗಕ್ಕೆ ಅಲ್ಲಿ ಒತ್ತಡ ಕುಸಿದು ಒಂದು ಗುಳ್ಳೆ ಏಳುತ್ತದೆ. ಸುತ್ತಲಿನ ನೀರು ಆ ಗುಳ್ಳೆಯನ್ನು ಹಿಚುಕುತ್ತದೆ. ಅದು ಕುಸಿಯುವಾಗ ಚಟ್ ಅನ್ನುತ್ತದೆ. ಇಕ್ಕಳದ ಸದ್ದಲ್ಲ, ಗುಳ್ಳೆ ಸಾಯುವ ಸದ್ದು.

ತೋಟಕ್ಕೆ ನೀರು ಬಿಡುವವರಿಗೆ ಇದರ ದೊಡ್ಡ ರೂಪ ಗೊತ್ತಿದೆ. ಫುಟ್‌ವಾಲ್ವಿಗೆ ಕಸ ಸಿಕ್ಕಿ ಪಂಪಿಗೆ ಸರಿಯಾಗಿ ನೀರು ಎಳೆಯಲು ಆಗದಿದ್ದಾಗ ಒಳಗೆ ಜಲ್ಲಿಕಲ್ಲು ಹಾಕಿ ಕುಲುಕಿದ ಹಾಗೆ ಗರಗರ ಅನ್ನುತ್ತದಲ್ಲ, ಅದೂ ಇಂಥದೇ ಗುಳ್ಳೆಗಳು ಒಡೆಯುವುದು. ಹಾಗೇ ಬಿಟ್ಟರೆ ಪಂಪಿನ ಒಳಗಿನ ಚಕ್ರವನ್ನೇ ತಿಂದುಹಾಕುತ್ತದೆ. ಹಡಗಿನ ಪ್ರೊಪೆಲ್ಲರಿಗೂ ಇದೇ ಕಾಟ.

ಅದೇ ತಂಡ ಮರುವರ್ಷ ಇನ್ನೊಂದು ವಿಷಯ ಹೇಳಿತು. ಗುಳ್ಳೆ ಕುಸಿಯುವಾಗ ಒಳಗೆ ಕನಿಷ್ಠ 5,000 ಕೆಲ್ವಿನ್ ಬಿಸಿ ಇರುತ್ತದಂತೆ. ಸೂರ್ಯನ ಮೇಲ್ಮೈ ಇರುವುದು ಸುಮಾರು 5,800. ಒಂದು ಪುಟ್ಟ ಬೆಳಕೂ ಮಿನುಗುತ್ತದೆ. ನಮ್ಮ ಕಣ್ಣಿಗೆ ಕಾಣದಷ್ಟು ಚಿಕ್ಕದು, ಕಾಣದಷ್ಟು ಬೇಗ. ಮಾವ ಬೀಡಿ ಸೇದುತ್ತಾ ಕೂತಿದ್ದ ಆ ಸಂಜೆ ನಮ್ಮ ದೋಣಿಯ ಅಡಿಯ ಕತ್ತಲಲ್ಲಿ ಅಷ್ಟು ಕಿಡಿಗಳು ಹಾರಿದ್ದವು. ಇದನ್ನು ಓದಿದ ದಿನ ನನಗೆ ರಾತ್ರಿ ಬಹಳ ಹೊತ್ತು ನಿದ್ದೆ ಬರಲಿಲ್ಲ.

ಇಲ್ಲಿ ಒಂದು ಮಾತು ಹೇಳಲೇಬೇಕು. ಅಂತರ್ಜಾಲದಲ್ಲಿ ಇದು ಬಂದೂಕಿಗಿಂತ ಜೋರು, ಜೆಟ್ ವಿಮಾನಕ್ಕಿಂತ ಜೋರು ಅಂತೆಲ್ಲ ಬರೆಯುತ್ತಾರೆ. ಹಾಗೆ ಹೋಲಿಸುವುದು ತಪ್ಪು. ಒಂದು ಮೀಟರ್ ದೂರದಲ್ಲಿ 190 ಡೆಸಿಬಲ್‌ವರೆಗೂ ಅಳತೆ ಸಿಕ್ಕಿರುವುದು ನಿಜ. ಆದರೆ ಅದು ನೀರಿನ ಡೆಸಿಬಲ್. ನೀರಿನಲ್ಲಿ ಅಳೆಯುವಾಗ ಲೆಕ್ಕ ಶುರು ಮಾಡುವ ಸೊನ್ನೆಯೇ ಬೇರೆ, ನೀರಿನ ಗುಣವೂ ಬೇರೆ. ಗಾಳಿಯ ಲೆಕ್ಕಕ್ಕೆ ತರಲು ಸುಮಾರು 60 ಕಳೆಯಬೇಕು. ಸಮುದ್ರದಲ್ಲೇ ನೋಡಿದರೂ ಸ್ಪರ್ಮ್ ತಿಮಿಂಗಿಲದ ಸದ್ದು ಇದಕ್ಕಿಂತ ಜೋರು. ಕಿರುಬೆರಳಷ್ಟಿರುವ ಪ್ರಾಣಿಯ ಸದ್ದು ಇಷ್ಟಿದೆ ಅನ್ನುವುದೇ ಸಾಕಷ್ಟು ದೊಡ್ಡ ಮಾತು. ಅದಕ್ಕೆ ಸುಮ್ನೆ ಬಣ್ಣ ಬಳಿದರೆ ಆ ಸೀಗಡಿಗೆ ಏನು ಮರ್ಯಾದೆ ಕೊಟ್ಟ ಹಾಗಾಯಿತು?

ಇಷ್ಟೆಲ್ಲ ಯಾಕೆ ಮಾಡುತ್ತದೆ ಅಂದರೆ, ಹೊಟ್ಟೆಗಾಗಿ. ಹತ್ತಿರ ಬಂದ ಸಣ್ಣ ಏಡಿ, ಸಣ್ಣ ಮೀನಿಗೆ ಆ ಪೆಟ್ಟು ಬಿದ್ದರೆ ತಲೆ ತಿರುಗಿ ಬೀಳುತ್ತದೆ. ಬಿಲಕ್ಕಾಗಿ ಜಗಳ ಬಂದಾಗಲೂ ಚಿಟಿಕೆ ಹೊಡೆಯುತ್ತವೆ. ಆಗ ಚೂರು ದೂರ ನಿಂತು ಹೊಡೆಯುತ್ತವೆ. ಮೈಮೇಲಿನ ಕೂದಲಿನಿಂದ ಎದುರಾಳಿಯ ನೀರಿನ ಹೊಡೆತ ಎಷ್ಟು ಜೋರು ಅಂತ ಅಂದಾಜು ಮಾಡಿ, ಸೋತದ್ದು ಸರಿದುಹೋಗುತ್ತದೆ. ದಿನವಿಡೀ ಹೀಗೆ ಪೆಟ್ಟು ಕೊಟ್ಟು ತಿಂದರೂ ಅವುಗಳ ತಲೆ ಹೇಗೆ ಉಳಿಯುತ್ತದೆ? ಕಣ್ಣಿನ ಮೇಲೆ ಚಿಪ್ಪಿನ ಟೋಪಿ ಇದೆ. ಅದನ್ನು ತೆಗೆದ ಸೀಗಡಿಗಳು ಪೆಟ್ಟಿಗೆ ದಿಕ್ಕು ತಪ್ಪಿದ್ದವು ಅಂತ 2022ರಲ್ಲಿ ಅಮೆರಿಕದ ಅಲೆಗ್ಸಾಂಡ್ರಾ ಕಿಂಗ್‌ಸ್ಟನ್ ಮತ್ತು ಜೊತೆಗಾರರು ತೋರಿಸಿದರು. ದೊಡ್ಡ ಇಕ್ಕಳವೇ ಮುರಿದುಹೋದರೆ? ಇನ್ನೊಂದು ಕಡೆಯ ಸಣ್ಣ ಇಕ್ಕಳ ಪೊರೆ ಬಿಡುತ್ತಾ ಬಿಡುತ್ತಾ ದೊಡ್ಡದಾಗುತ್ತದೆ. ಮುರಿದ ಜಾಗದಲ್ಲಿ ಹೊಸ ಸಣ್ಣದು ಹುಟ್ಟುತ್ತದೆ. ಬಲಗೈಯವನು ಎಡಗೈಯವನಾಗುತ್ತಾನೆ.

ಮನುಷ್ಯರು ಈ ಸದ್ದಿಗೆ ತಲೆ ಕೆಡಿಸಿಕೊಂಡದ್ದು ಎರಡನೇ ಮಹಾಯುದ್ಧದಲ್ಲಿ. ಜಲಾಂತರ್ಗಾಮಿಗಳ ಸದ್ದು ಹಿಡಿಯಲು ನೀರೊಳಗೆ ಮೈಕ್ ಇಳಿಬಿಟ್ಟರೆ ಅಮೆರಿಕದವರಿಗೆ ಕೇಳಿಸಿದ್ದು ಬರೀ ಚಟಚಟ. ಸ್ಯಾನ್ ಡಿಯಾಗೋದಲ್ಲಿ ಮಾರ್ಟಿನ್ ಜಾನ್ಸನ್ ಅನ್ನುವ ಪ್ರಾಣಿಶಾಸ್ತ್ರಜ್ಞ ಮತ್ತು ಜೊತೆಗಾರರು ಬೆನ್ನು ಹತ್ತಿ ಕಾರಣ ಕಂಡುಹಿಡಿದರು. ನೀರು 11 ಡಿಗ್ರಿಗಿಂತ ಬೆಚ್ಚಗಿರಬೇಕು, ಆಳ ಸುಮಾರು 55 ಮೀಟರಿಗಿಂತ ಕಡಿಮೆ ಇರಬೇಕು, ಅಡಿಯಲ್ಲಿ ಕಲ್ಲು, ಹವಳ, ಚಿಪ್ಪು ಇರಬೇಕು. ಅಲ್ಲೆಲ್ಲ ಸೀಗಡಿ, ಅಲ್ಲೆಲ್ಲ ಸದ್ದು. 1947ರಲ್ಲಿ ಇದು ಅಚ್ಚಾಯಿತು. ನಮ್ಮ ಅರಬ್ಬಿ ಸಮುದ್ರದ ದಂಡೆಯಂತೂ ವರ್ಷವಿಡೀ ಬೆಚ್ಚಗೇ. ಇಲ್ಲಿ ಒಗ್ಗರಣೆಗೆ ರಜೆಯೇ ಇಲ್ಲ.

ನೌಕಾಪಡೆಗೆ ಅದು ಗದ್ದಲ. ಎಂಜಿನಿಯರುಗಳೂ ಬಹಳ ಕಾಲ ಅದನ್ನು ಗದ್ದಲ ಅಂತಲೇ ಲೆಕ್ಕ ಹಾಕಿದರು, ಸೋಸಿ ಬಿಸಾಡಲು ನೋಡಿದರು. ಸಿಂಗಪುರದಲ್ಲಿ ಮಾತ್ರ ಬೇರೆ ಥರ ಯೋಚಿಸಿದರು. ಅಲ್ಲಿನ ರಾಷ್ಟ್ರೀಯ ವಿಶ್ವವಿದ್ಯಾಲಯದ ಮಂದಾರ್ ಚಿತ್ರೆ ಮತ್ತು ಜೊತೆಗಾರರು ಸೀಗಡಿಗಳ ಸದ್ದನ್ನೇ ಬೆಳಕಿನ ಹಾಗೆ ಬಳಸಿದರು. ಹಗಲಲ್ಲಿ ಮರ ಕಾಣುವುದು ಸೂರ್ಯನ ಬೆಳಕು ಅದಕ್ಕೆ ಬಿದ್ದು ನಮ್ಮ ಕಣ್ಣಿಗೆ ಬರುವುದರಿಂದ. ಹಾಗೇ ನೀರೊಳಗಿನ ವಸ್ತುವಿಗೆ ಸೀಗಡಿಗಳ ಚಟಚಟ ತಾಗಿ ವಾಪಸ್ ಬಂದದ್ದನ್ನು ನೂರಾರು ಮೈಕುಗಳಿಂದ ಕೇಳಿ ಅದರ ಚಿತ್ರ ಮೂಡಿಸಿದರು. ಮಣ್ಣುನೀರಿನಲ್ಲಿ ಕಣ್ಣಿಗೆ ಕಾಣದ್ದನ್ನು ಸೀಗಡಿ ತೋರಿಸಿಕೊಟ್ಟಿತು.

ನನಗೆ ಇದಕ್ಕಿಂತಲೂ ಹತ್ತಿರದ್ದು ಇನ್ನೊಂದು. ಮೀನಿನ ಮರಿಗಳು, ಸಿಂಪಿಯ ಮರಿಗಳು ಹುಟ್ಟಿದ ಕೂಡಲೇ ನೀರಿನ ಸೆಳೆತದಲ್ಲಿ ಎಲ್ಲೆಲ್ಲೋ ಹೋಗುತ್ತವೆ. ಆಮೇಲೆ ಒಂದು ಕಡೆ ನೆಲೆ ನಿಲ್ಲಬೇಕು. ಮನೆ ಎಲ್ಲಿದೆ ಅಂತ ಗೊತ್ತಾಗುವ ದಾರಿಗಳಲ್ಲಿ ಸದ್ದೂ ಒಂದು. ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ ಆ್ಯಶ್ಲಿ ಲಿಲಿಸ್ ಮತ್ತು ಜೊತೆಗಾರರು ಸಿಂಪಿ ದಿಬ್ಬದ ಸದ್ದು ಕೇಳಿಸಿದಾಗ ಸಿಂಪಿಮರಿಗಳು ಜಾಸ್ತಿ ನೆಲೆ ನಿಂತವು ಅಂತ 2013ರಲ್ಲಿ ಬರೆದರು. ಆ ದಿಬ್ಬದ ಸದ್ದಿನಲ್ಲಿ ದೊಡ್ಡ ಪಾಲು ಚಿಟಿಕೆ ಸೀಗಡಿಗಳದ್ದೇ. ಕಿವಿಯೇ ಇಲ್ಲದ, ಸಾಸಿವೆಗಿಂತ ಎಷ್ಟೋ ಚಿಕ್ಕದಾದ ಜೀವ, ಒಗ್ಗರಣೆಯ ಸದ್ದು ಹಿಡಿದು ಮನೆಗೆ ಬರುತ್ತದೆ!

ಆಸ್ಟ್ರೇಲಿಯಾದ ಲಿಜರ್ಡ್ ದ್ವೀಪದ ಕಥೆ ಓದಿದಾಗ ನನಗೆ ಸಂಕಟವಾಯಿತು. 2012ರಲ್ಲಿ ಅಲ್ಲಿನ ಹವಳದ ದಿಬ್ಬದ ಸದ್ದು ದಾಖಲಿಸಿದ್ದರು. ಆಮೇಲೆ ಚಂಡಮಾರುತ ಬಂತು, ನೀರು ಬಿಸಿಯಾಗಿ ಹವಳ ಬಿಳಿಚಿತು. 2016ರಲ್ಲಿ ಅಲ್ಲೇ ಮತ್ತೆ ಕೇಳಿದರೆ ಸದ್ದು ತಗ್ಗಿತ್ತು, ಚಿಟಿಕೆಗಳೂ ಕಡಿಮೆಯಾಗಿದ್ದವು. ಟಿಮ್ ಗಾರ್ಡನ್ ಅನ್ನುವ ಯುವಕ ಮತ್ತು ಜೊತೆಗಾರರು ಸತ್ತ ಹವಳದ ಚೂರುಗಳ ನಡುವೆ ಸ್ಪೀಕರ್ ಇಟ್ಟು, ಚೆನ್ನಾಗಿದ್ದ ದಿಬ್ಬದ ಸದ್ದನ್ನು 40 ದಿನ ಕೇಳಿಸಿದರು. ಸ್ಪೀಕರ್ ಇಲ್ಲದ ಜಾಗಕ್ಕಿಂತ ಎರಡು ಪಟ್ಟು ಮೀನು ಬಂದವು. ಮೀನು ಬಂದದ್ದು ಸಂತೋಷವೇ. ಆದರೆ ಬಂದ ಮರಿಗಳು ಹುಡುಕುತ್ತಿದ್ದ ಮನೆ ಅಲ್ಲಿರಲಿಲ್ಲ, ಮನೆಯ ಸದ್ದು ಮಾತ್ರ ಇತ್ತು. ಅದು ನನ್ನ ಮನಸ್ಸಿನಿಂದ ಹೋಗುವುದಿಲ್ಲ.

ಇದನ್ನೆಲ್ಲ ಓದುತ್ತಾ ನಮ್ಮ ಹೊಳೆಯದ್ದು ಈಗ ಹೇಗಿದೆ ಅಂತ ಕೇಳಬೇಕು ಅನ್ನಿಸಿತು. ಕೀಂ ಅನ್ನುವ ಎಲೆಕ್ಟ್ರಾನಿಕ್ ಬಜರಿನೊಳಗೆ ಇರುತ್ತದಲ್ಲ, ಅದುರಿದರೆ ವಿದ್ಯುತ್ ಹುಟ್ಟಿಸುವ ಹಿತ್ತಾಳೆಯ ಪೀಜೋ ಬಿಲ್ಲೆ, ಅಂಥವನ್ನು ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ತಂದೆ. ಒಂದಕ್ಕೆ ತಂತಿ ಬೆಸುಗೆ ಹಾಕಿ, ಮೇಲೆ ಎಪಾಕ್ಸಿ ಅಂಟು ಬಳಿದು, ರೆಕಾರ್ಡರಿಗೆ ಸಿಕ್ಕಿಸಿದೆ. ಮೊದಲನೆಯದಕ್ಕೆ ತಂತಿಯ ಬುಡದಲ್ಲಿ ನೀರು ಹೋಗಿ ಬರೀ ಗುಂಯ್ ಅಂದಿತು. ಎರಡನೆಯದಕ್ಕೆ ಮೂರು ಸಲ ಅಂಟು ಬಳಿದು ಒಣಗಿಸಿದೆ. ಅದು ತಡೆಯಿತು.

ಕಳೆದ ಮಾಗಿಯಲ್ಲಿ ತೆಗೆದುಕೊಂಡು ಹೋದೆ. ಮಾವನ ಮರದ ದೋಣಿ ಈಗ ಅಂಗಳದಲ್ಲಿ ಕವುಚಿ ಮಲಗಿದೆ. ಅವರ ಮಗ ಫೈಬರ್ ದೋಣಿ ಮಾಡಿಸಿದ್ದಾನೆ, ಎಂಜಿನ್ನಿನದು. ಫೈಬರಿನಲ್ಲೂ ಈ ಸದ್ದು ಚೆನ್ನಾಗಿ ಕೇಳುತ್ತದೆ, ಎಂಜಿನ್ ನಿಲ್ಲಿಸಿದರೆ. ನಿಲ್ಲಿಸುವವರು ಕಡಿಮೆ. ಹೊತ್ತು ಕಂತುವ ಮೊದಲು ಹೊರಟೆವು. ಸೀಗಡಿಗಳು ಜೋರಾಗುವುದು ಹೆಚ್ಚಾಗಿ ಬೆಳಗಿನ ಜಾವ ಮತ್ತು ಮುಸ್ಸಂಜೆ.

ಮೊದಲು ಮರಳು ತೆಗೆದ ಗುಂಡಿಯ ಹತ್ತಿರ ತಂತಿ ಬಿಟ್ಟೆ. ನೀರಿನ ಸುಯ್ ಸದ್ದು, ದೂರದಲ್ಲಿ ಯಾವುದೋ ದೋಣಿಯ ಎಂಜಿನ್. ಚಟ್ ಅನ್ನುವುದು ಆಗೊಮ್ಮೆ ಈಗೊಮ್ಮೆ, ತುಂಬಾ ದೂರದಿಂದ. ಒಂದು ಸಂಜೆ ಕೇಳಿ ದೊಡ್ಡ ತೀರ್ಮಾನ ಹೇಳುವುದು ಸರಿಯಲ್ಲ. ಆದರೆ ಹಿಡಿದುಕೊಳ್ಳಲು ಕಲ್ಲಿಲ್ಲ, ಸಿಂಪಿಯಿಲ್ಲ, ಅಲ್ಲಿ ಯಾರು ಮನೆ ಮಾಡುತ್ತಾರೆ? ಆಮೇಲೆ ಕಾಂಡ್ಲಾ ಗಿಡಗಳ ಪಕ್ಕ, ಅದೇ ಕಲ್ಲುಗಳ ಕಡೆ ಹೋದೆವು. ಮಾವನ ಮಗ ಎಂಜಿನ್ ನಿಲ್ಲಿಸಿದ. ತಂತಿ ಬಿಟ್ಟೆ.

ಇತ್ತು. ಸಾವಿರ ಒಗ್ಗರಣೆ ಒಟ್ಟಿಗೆ. ಹತ್ತಿರದ್ದು ದಪ್ಪ ಚಟ್, ದೂರದ್ದು ತೆಳು ಚಿಟಿಚಿಟಿ, ಅದರ ಹಿಂದೆ ಮಳೆ ಹನಿದ ಹಾಗೆ ಲೆಕ್ಕವಿಲ್ಲದಷ್ಟು. ಈ ಸದ್ದು 200 ಕಿಲೋಹರ್ಟ್ಸ್‌ವರೆಗೂ ಏರುತ್ತದೆ, ನಮ್ಮ ಕಿವಿ 20ಕ್ಕೇ ನಿಲ್ಲುತ್ತದೆ. ನನಗೆ ಕೇಳಿಸಿದ್ದು ಚೂರು ಪಾಲು.

ಇಯರ್‌ಫೋನ್ ತೆಗೆದು ಮಾವನ ಕಿವಿಗೆ ಇಟ್ಟೆ. ಅವರಿಗೀಗ ಎಪ್ಪತ್ತು ದಾಟಿದೆ, ಕಿವಿ ಮಂದ. ರೆಕಾರ್ಡರಿನ ವಾಲ್ಯೂಮ್ ಪೂರ್ತಿ ಏರಿಸಿದೆ. ಎರಡೂ ಕೈಯಿಂದ ಇಯರ್‌ಫೋನ್ ಒತ್ತಿ ಹಿಡಿದು ಕಣ್ಣು ಮುಚ್ಚಿ ಕೂತರು. ನಾನು ಗುಳ್ಳೆಯ ವಿಷಯ, ಕಿಡಿಯ ವಿಷಯ, ಸಿಂಪಿಮರಿಗಳ ವಿಷಯ ಹೇಳಬೇಕು ಅಂತಿದ್ದೆ. ಅವರು ಕೈ ಸನ್ನೆ ಮಾಡಿ ಸುಮ್ಮನಿರಿಸಿದರು.

ಸ್ವಲ್ಪ ಹೊತ್ತು ಬಿಟ್ಟು ಕಣ್ಣು ತೆರೆದು, “ಇದ್ ನಮ್ ಕಲ್ಲಿಂದೇ ಅಲ್ದಾ?” ಅಂದರು.

ಹೌದು ಮಾವ ಅಂದೆ. ಮತ್ತೆ ಕಣ್ಣು ಮುಚ್ಚಿದರು. ಮಗ ಎಂಜಿನ್ ಹಗ್ಗಕ್ಕೆ ಕೈ ಹಾಕಿದ್ದವನು ನನ್ನ ಮುಖ ನೋಡಿ ಕೈ ತೆಗೆದ. ಇಳಿತ ಮುಗಿದು ಭರತ ಏರಲು ಶುರುವಾಗಿತ್ತು. ದೋಣಿ ಮೆಲ್ಲಗೆ ತಿರುಗಿ ಕಾಂಡ್ಲಾದ ಕಡೆ ಮುಖ ಮಾಡಿತು. ಮಾವ ಇಯರ್‌ಫೋನ್ ವಾಪಸ್ ಕೊಡಲಿಲ್ಲ.